ಟೆಕ್ಸಾಸಿನ ಹಳ್ಳಿ ಕೌಂಟಿಯಲ್ಲಿ ಹಳೇ ಅರೆಸ್ಟ್ ದಾಖಲೆ ಹುಡುಕೋದು ಹೇಗೆ? ಗ್ರೀನ್ ಕಾರ್ಡಿಗೆ ಬೇಕು

ಹಾಸನದ_ಹೈದ · ಫೆಬ್ರವರಿ 4

ಎಲ್ಲರಿಗೂ ನಮಸ್ಕಾರ. ಹೇಳಿಕೊಳ್ಳೋಕೆ ನಾಚಿಕೆ ಆಗೋ ವಿಷಯ, ಆದ್ರೆ ಇಲ್ಲಿ ಕೇಳದೆ ಇನ್ನೆಲ್ಲಿ ಕೇಳಲಿ.

2011ರಲ್ಲಿ ಎಂ.ಎಸ್. ಓದೋಕೆ ಬಂದ ಹೊಸದರಲ್ಲಿ ಪಶ್ಚಿಮ ಟೆಕ್ಸಾಸಿನ ಯಾವುದೋ ಹೈವೇಲಿ ಸ್ಪೀಡಿಂಗ್ ಟಿಕೆಟ್ ಸಿಕ್ಕಿತ್ತು. ಆಮೇಲೆ ರೂಮ್ ಬದಲಾಯಿಸಿದೆ, ಟಿಕೆಟ್ ಮರೆತೇಬಿಟ್ಟೆ. 2013ರಲ್ಲಿ ಬಿಗ್ ಬೆಂಡ್ ನೋಡ್ಕೊಂಡು ವಾಪಸ್ ಬರುವಾಗ ಹಿಂದಿನ ಲೈಟು ಉರೀತಿಲ್ಲ ಅಂತ ಗಾಡಿ ನಿಲ್ಲಿಸಿದರು. ಲೈಸೆನ್ಸ್ ತಗೊಂಡು ಹೋದವನು ಐದು ನಿಮಿಷ ಬಿಟ್ಟು ಬಂದು "ನಿನ್ನ ಮೇಲೆ ವಾರಂಟ್ ಇದೆ" ಅಂದ. ಆ ರಾತ್ರಿ ಕೌಂಟಿ (ನಮ್ಮ ಜಿಲ್ಲೆ ಇದ್ದಂಗೆ) ಜೈಲು. ಬೆಳಿಗ್ಗೆ ಒಬ್ಬರು ಜಡ್ಜ್ ಮುಂದೆ ನಿಲ್ಲಿಸಿ, ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡು ಬಿಟ್ಟರು. ದುಡ್ಡು ಕಟ್ಟಿದ ನೆನಪಿಲ್ಲ, ರಸೀದಿ ಇಲ್ಲ. ಊರಲ್ಲಿ ಅಪ್ಪ-ಅಮ್ಮಂಗೆ ಇವತ್ತಿಗೂ ಗೊತ್ತಿಲ್ಲ.

ಈಗ ಐ-485, ಅಂದ್ರೆ ಗ್ರೀನ್ ಕಾರ್ಡ್ ಅರ್ಜಿ ಹಾಕ್ತಿದ್ದೀನಿ (ಹೆಂಡತಿ ಇಲ್ಲಿನ ಸಿಟಿಜನ್). ಕೋರ್ಟಿನ ಸರ್ಟಿಫೈಡ್ ಡಿಸ್ಪೊಸಿಷನ್ (ಕೇಸು ಹೇಗೆ ಮುಗೀತು ಅಂತ ಮುದ್ರೆ ಹಾಕಿದ ಕಾಗದ) ಬೇಕು ಅಂತ ವಕೀಲರು ಹೇಳಿದ್ದಾರೆ. ಜೈಲಿದ್ದ ಕೌಂಟಿಯ ಹೆಸರು ಇಲ್ಲಿ ಬರೆಯಲ್ಲ, 'ಅ' ಕೌಂಟಿ ಅನ್ನಿ. ಅಲ್ಲಿನ ಕೌಂಟಿ ಕ್ಲರ್ಕ್ ಆಫೀಸಿಗೆ ಮೂರು ಸಲ ಫೋನ್ ಮಾಡಿದೆ. ಪ್ರತಿಸಲವೂ "ಆ ಹೆಸರಲ್ಲಿ ಏನೂ ಇಲ್ಲ, ಹನಿ" ಅಂತಾರೆ. ಆನ್‌ಲೈನ್ ಹುಡುಕಾಟ ಆ ಕೌಂಟಿಗಿಲ್ಲ. ಕೋರ್ಟಿನವರೇ ಇಲ್ಲ ಅಂದ ಮೇಲೆ ಇಲ್ಲ ಅಂತಲೇ ಅರ್ಥ ಅಲ್ವಾ? ಫಾರಂನಲ್ಲಿ ಅರೆಸ್ಟ್ ವಿಷಯ ಬರೀದೇ ಇದ್ರೆ ಏನಾಗುತ್ತೆ?

ಕಾಫಿ_ಕುಡಿಯುವ · ಫೆಬ್ರವರಿ 4

ಗುರು, ಇಪ್ಪತ್ತೋ ಮೂವತ್ತೋ ಡಾಲರಿಗೆ ಯಾರ ದಾಖಲೆ ಬೇಕಾದ್ರೂ ತೆಗೆದುಕೊಡೋ ವೆಬ್‌ಸೈಟ್‌ಗಳು ಬೇಕಾದಷ್ಟಿವೆ. ಹೆಸರು ಹಾಕಿದ್ರೆ ಎರಡು ನಿಮಿಷ.

ರೊಟ್ಟಿ_ಬುತ್ತಿ · ಫೆಬ್ರವರಿ 4

ಆ ಕೆಲಸಾ ಮಾತ್ರ ಮಾಡಬ್ಯಾಡ್ರೀ. ನಾ ಒಮ್ಮೆ ಬಾಡಿಗಿ ಕೊಡೂ ಮೊದ್ಲ ಒಬ್ಬಾಂವನ ಹೆಸರು ಹಾಕಿ ನೋಡಿದ್ದೆ. ಸ್ಕ್ರೀನಿನ್ಯಾಗ ಹುಡುಕೂ ಗೆರಿ ಓಡಿದ್ದ ಓಡಿದ್ದು, "ಆಘಾತಕಾರಿ ಮಾಹಿತಿ ಸಿಕ್ಕೈತಿ" ಅಂತ ಹೆದರಿಸಿದ್ದ ಹೆದರಿಸಿದ್ದು. ರೊಕ್ಕಾ ಕಟ್ಟಿದ ಮ್ಯಾಲೆ ಬಂದದ್ದು ಅವನ ಹಳೇ ಮನೀ ವಿಳಾಸ, ಮತ್ತ ಅದ ಹೆಸರಿನ ಇನ್ನೊಬ್ಬಾಂವನ ಟ್ರಾಫಿಕ್ ಟಿಕೆಟ್ಟು. ತಿಂಗಳಾ ತಿಂಗಳಾ ಕಾರ್ಡಿನ್ಯಾಗ ರೊಕ್ಕಾ ಕಡಿತ ಆಗೂದು ನಿಲ್ಲಿಸ್ಲಿಕ್ಕೆ ಬ್ಯಾಂಕಿಗೆ ಹೋಗಬೇಕಾತು. ಕೋರ್ಟಿನ ಮುದ್ರಿ ಇಲ್ಲದ ಹಾಳಿ ಇಮಿಗ್ರೇಶನ್‌ಗೆ ಹಪ್ಪಳಾ ಒಣಗಸಾಕೂ ಬರಂಗಿಲ್ಲ.

ಬಂಗುಡೆ_ಪುಳಿಮುಂಚಿ · ಫೆಬ್ರವರಿ 5

ನಾನು ಹ್ಯೂಸ್ಟನ್ನಿನಲ್ಲಿ ಇಮಿಗ್ರೇಶನ್ ವಕೀಲರ ಆಫೀಸಿನಲ್ಲಿ ಕೆಲಸ ಮಾಡುವವಳು. ವಕೀಲೆ ಅಲ್ಲ, ಕಾಗದಪತ್ರ ತರಿಸುವ ಕೆಲಸ ನಂದು. ಇಂಥ ಕೇಸು ತಿಂಗಳಿಗೆ ಎರಡಾದ್ರೂ ಬರ್ತದೆ.

ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ಬರೀಲೇಬೇಕು ಮಾರಾಯ್ರೆ. ಐ-485 ಹಾಕಿದ ಮೇಲೆ ನಿಮ್ಮ ಬೆರಳಚ್ಚು ಎಫ್‌ಬಿಐಗೆ ಹೋಗ್ತದೆ. ಜೈಲಿನಲ್ಲಿ ಆವತ್ತು ಬೆರಳಚ್ಚು ತೆಗೆದಿದ್ರೆ ಅದು ಅಲ್ಲಿ ಬಂದು ಕೂತ್ಕೊಳ್ಳಲಿಕ್ಕೂ ಸಾಕು. ಟಿಕೆಟಿಗೆ ಆಗುವುದು ಹೆಚ್ಚೆಂದರೆ ದಂಡ, ಸುಳ್ಳು ಹೇಳಿದ್ರೆ ಗ್ರೀನ್ ಕಾರ್ಡೇ ಹೋಗ್ತದೆ. 500 ಡಾಲರಿನ ಒಳಗಿನ ಟ್ರಾಫಿಕ್ ದಂಡಕ್ಕೆ ಕಾಗದ ಬೇಡ ಅಂತ ಫಾರಂನ ಸೂಚನೆಯಲ್ಲಿ ಉಂಟು, ಆದರೆ ಅದು ಅರೆಸ್ಟ್ ಆಗದವರಿಗೆ. ನೀವು ಒಳಗೆ ಮಲಗಿ ಬಂದವರು. ಇನ್ನೊಂದು, ಮಧ್ಯೆ ಊರಿಗೆ ಹೋಗಿ ವೀಸಾ ಸ್ಟಾಂಪಿಂಗ್ ಮಾಡಿಸಿದ್ದೀರಾ? ವೀಸಾ ಅರ್ಜಿಯ ಫಾರಂ ಡಿಎಸ್-160ರಲ್ಲೂ ಅರೆಸ್ಟಿನ ಪ್ರಶ್ನೆ ಉಂಟು. ಅಲ್ಲಿ ಏನು ಬರೆದಿದ್ದೀರಿ ಅಂತ ಇಲ್ಲಿ ಹೇಳಬೇಡಿ, ನಿಮ್ಮ ವಕೀಲರಿಗೆ ಹೇಳಿ, ಇವತ್ತೇ.

ಈಗ ಹುಡುಕುವ ವಿಷಯ. ನೀವು ಕೇಳಿದ ಬಾಗಿಲೇ ತಪ್ಪು. ಟೆಕ್ಸಾಸಿನಲ್ಲಿ 254 ಕೌಂಟಿ ಉಂಟು, ಒಂದೊಂದರಲ್ಲೂ ಕ್ರಿಮಿನಲ್ ಕಾಗದ ಒಂದೇ ಕಡೆ ಇರುವುದಿಲ್ಲ. ದೊಡ್ಡ ಅಪರಾಧ, ಅಂದ್ರೆ ಫೆಲೊನಿ, ಡಿಸ್ಟ್ರಿಕ್ಟ್ ಕ್ಲರ್ಕ್ ಹತ್ತಿರ. ಕ್ಲಾಸ್ ಎ, ಕ್ಲಾಸ್ ಬಿ ಮಿಸ್‌ಡಿಮೀನರ್ (ಜೈಲು ಶಿಕ್ಷೆ ಆಗಬಹುದಾದ ಸಣ್ಣ ಅಪರಾಧ) ಕೌಂಟಿ ಕ್ಲರ್ಕ್ ಹತ್ತಿರ. ಬರೀ ದಂಡದ ಕ್ಲಾಸ್ ಸಿ ಕೇಸುಗಳು ಜಸ್ಟಿಸ್ ಆಫ್ ದ ಪೀಸ್ (ಜೆ.ಪಿ.) ಅನ್ನುವ ಸಣ್ಣ ಕೋರ್ಟಿನಲ್ಲಿ, ಊರಿನೊಳಗೆ ಹಿಡಿದದ್ದಾದರೆ ಮುನಿಸಿಪಲ್ ಕೋರ್ಟಿನಲ್ಲಿ. ಸ್ಪೀಡಿಂಗ್ ಕ್ಲಾಸ್ ಸಿ. ಕೌಂಟಿ ಕ್ಲರ್ಕ್ ಹೆಂಗಸು "ಇಲ್ಲ" ಅಂದದ್ದು ಸುಳ್ಳಲ್ಲ, ಅವಳ ಕಪಾಟಿನಲ್ಲಿ ಇಲ್ಲ ಅಷ್ಟೆ.

ಹಾಸನದ_ಹೈದ · ಫೆಬ್ರವರಿ 5

ಅಕ್ಕ, ತುಂಬಾ ಥ್ಯಾಂಕ್ಸ್. ಅದು ಚಿಕ್ಕ ಊರು, ಕೋರ್ಟ್‌ಹೌಸ್ ಅಂತ ಇರೋದೇ ಒಂದು ಕಟ್ಟಡ. ಅದರಲ್ಲೇ ಮೂರು ಆಫೀಸಾ?

ಬಂಗುಡೆ_ಪುಳಿಮುಂಚಿ · ಫೆಬ್ರವರಿ 5

ಒಂದೇ ಕಟ್ಟಡ, ಒಂದೇ ಕಾರಿಡಾರು, ಆದ್ರೂ ಬೇರೆ ಬೇರೆ ಆಫೀಸು. ಎಂಟು ಸಾವಿರಕ್ಕಿಂತ ಕಡಿಮೆ ಜನಸಂಖ್ಯೆಯ ಕೌಂಟಿಗಳಲ್ಲಿ ಡಿಸ್ಟ್ರಿಕ್ಟ್ ಕ್ಲರ್ಕೂ ಕೌಂಟಿ ಕ್ಲರ್ಕೂ ಒಬ್ಬರೇ ಇರಬಹುದು. ಲವಿಂಗ್ ಕೌಂಟಿ ಅಂತ ಒಂದುಂಟು, 2020ರ ಜನಗಣತಿಯಲ್ಲಿ 64 ಜನ. ನಮ್ಮಲ್ಲಿ ಒಂದು ಮದುವೆ ಮನೆ ಅಡುಗೆ ಚಪ್ಪರದಲ್ಲೇ ಅಷ್ಟು ಜನ ಇರ್ತಾರೆ! ಅಂಥ ಕಡೆ ಎಲ್ಲವನ್ನೂ ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿಗೆ ಹಾಕ್ತಾರೆ ಅಂತ ಕಾಯಬೇಡಿ. ಫೋನು, ಅಂಚೆ, ಇಲ್ಲಾಂದ್ರೆ ಗಾಡಿ ತಗೊಂಡು ಹೋಗುವುದು.

ನಿವೃತ್ತ_ಶಿರಸ್ತೇದಾರ · ಫೆಬ್ರವರಿ 6

ಮಗಳ ಮನೆಗೆ ಡಲ್ಲಾಸಿಗೆ ಬಂದಿದ್ದೇನೆ, ಹೊತ್ತು ಹೋಗದೆ ಇದನ್ನೆಲ್ಲ ಓದುತ್ತಿದ್ದೇನೆ. ಮಂಡ್ಯ ಜಿಲ್ಲೆಯ ಕೋರ್ಟುಗಳಲ್ಲಿ ಮೂವತ್ತು ಚಿಲ್ಲರೆ ವರ್ಷ ಇದ್ದವನು. ಇಲ್ಲಿನ ಕಾನೂನು ನನಗೆ ಗೊತ್ತಿಲ್ಲ, ಆದರೆ ರೆಕಾರ್ಡ್ ರೂಮು ಎಲ್ಲ ಕಡೆ ಒಂದೇ ರೀತಿ ಉಸಿರಾಡುತ್ತದೆ.

ತಮ್ಮಾ, ನೀವು ಬರೆದಿದ್ದರಲ್ಲಿ ಒಂದು ವಾಕ್ಯ ನನ್ನನ್ನು ತಡೆದು ನಿಲ್ಲಿಸಿತು. "ನಿನ್ನ ಮೇಲೆ ವಾರಂಟ್ ಇದೆ" ಅಂದನಲ್ಲ, ಆ ವಾರಂಟು ಹೊರಡಿಸಿದ ಕೋರ್ಟು ಯಾವುದು? ಹಿಡಿದ ಠಾಣೆಗೂ ಕೇಸಿರುವ ಕೋರ್ಟಿಗೂ ಸಂಬಂಧ ಇರಲೇಬೇಕು ಅಂತಿಲ್ಲ. ನಮ್ಮಲ್ಲೂ ಶ್ರೀರಂಗಪಟ್ಟಣದ ಕೋರ್ಟಿನ ವಾರಂಟಿಗೆ ಹಾವೇರಿಯಲ್ಲಿ ಹಿಡಿದು ಅಲ್ಲಿನ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದ್ದುಂಟು. ಆರೋಪಿಯ ಮನೆಯವರು ಹಾವೇರಿಯಲ್ಲಿ ನಕಲು ಅರ್ಜಿ ಹಾಕಿಕೊಂಡು ಕೂತಿದ್ದರೆ ಜನ್ಮದಲ್ಲಿ ಸಿಗುತ್ತಿರಲಿಲ್ಲ. ಕಡತ ಇರುವುದು ಶ್ರೀರಂಗಪಟ್ಟಣದಲ್ಲಿ. ನಿಮಗೆ ಟಿಕೆಟ್ ಕೊಟ್ಟ ಜಾಗವೂ ಜೈಲಿದ್ದ ಜಾಗವೂ ಒಂದೇನಾ?

ಹಾಸನದ_ಹೈದ · ಫೆಬ್ರವರಿ 6

ಅಯ್ಯೋ ಸರ್. ಒಂದೇ ಅಲ್ಲ! ಟಿಕೆಟ್ ಸಿಕ್ಕಿದ್ದು ಲಬಕ್ ಕಡೆ ಹೋಗುವಾಗ. ಇಷ್ಟು ದಿನ ಅದು ತಲೆಗೇ ಹೊಳೆದಿರಲಿಲ್ಲ. ಎಲ್ಲಿ ಮಲಗಿದ್ದೆನೋ ಅಲ್ಲೇ ಕೇಸು ಅಂದ್ಕೊಂಡಿದ್ದೆ. ಆದ್ರೆ ಆ ಟಿಕೆಟ್ ಯಾವ ಕೌಂಟಿ ಅಂತ ದೇವರಾಣೆ ಗೊತ್ತಿಲ್ಲ, ದಾರಿ ಉದ್ದಕ್ಕೂ ಹತ್ತಿ ಹೊಲ ಒಂದೇ ಥರ.

ಬಂಗುಡೆ_ಪುಳಿಮುಂಚಿ · ಫೆಬ್ರವರಿ 6

ಶಿರಸ್ತೇದಾರ್ ಸರ್, ನೀವು ಹೇಳಿದ್ದೇ ಸರಿ, ನನಗೆ ಮೊದಲು ಹೊಳೆಯಲಿಲ್ಲ. ಇಲ್ಲಿಯ ಕ್ರಿಮಿನಲ್ ಪ್ರೊಸೀಜರ್ ಕೋಡಿನಲ್ಲಿ 15.18 ಅಂತ ಒಂದು ಕಲಂ ಉಂಟು. ಬೇರೆ ಕೌಂಟಿಯ ವಾರಂಟಿಗೆ ಹಿಡಿದವರನ್ನು ಹಿಡಿದಲ್ಲಿಯ ಮ್ಯಾಜಿಸ್ಟ್ರೇಟ್ ಎದುರು ತರಬಹುದು, ಬರೀ ದಂಡದ ಕೇಸಾದ್ರೆ ಅವರೇ ಪ್ಲೀ (ತಪ್ಪೊಪ್ಪಿಗೆ) ಬರೆಸಿಕೊಂಡು, ಜೈಲಲ್ಲಿದ್ದ ಸಮಯವನ್ನು ದಂಡಕ್ಕೆ ವಜಾ ಹಾಕಿ ಬಿಡಬಹುದು. ಆಮೇಲೆ ಆ ಕಾಗದವನ್ನು ವಾರಂಟ್ ಹೊರಡಿಸಿದ ಕೋರ್ಟಿಗೆ ಕಳಿಸಬೇಕು. ದುಡ್ಡು ಕಟ್ಟಿದ ನೆನಪಿಲ್ಲ ಅಂದ್ರಲ್ಲ? ಕಟ್ಟಿರಲಿಕ್ಕಿಲ್ಲ. ಆ ಒಂದು ರಾತ್ರಿಯೇ ನಿಮ್ಮ ರಸೀದಿ.

ಯಾವ ಕೌಂಟಿ ಅಂತ ತಿಳಿಯಲಿಕ್ಕೆ ಜೈಲಿನ ಬುಕಿಂಗ್ ಶೀಟ್ (ಒಳಗೆ ಹಾಕುವಾಗ ಬರೆದ ದಾಖಲೆ) ತರಿಸಿ. ಅದು ಕೋರ್ಟಿನದ್ದಲ್ಲ, ಶೆರಿಫ್ (ಕೌಂಟಿ ಪೊಲೀಸ್ ಮುಖ್ಯಸ್ಥ) ಆಫೀಸಿನದ್ದು. ಶೆರಿಫ್ ವೆಬ್‌ಸೈಟಿನ ಜೈಲ್ ರೋಸ್ಟರ್ ನೋಡಿ ಸಮಯ ಹಾಳು ಮಾಡಬೇಡಿ, ಸಾಮಾನ್ಯವಾಗಿ ಅಲ್ಲಿರುವುದು ಸದ್ಯ ಒಳಗಿರುವವರ ಪಟ್ಟಿ. ನೀವು ಹಾಕಬೇಕಾದ್ದು ಪಬ್ಲಿಕ್ ಇನ್ಫರ್ಮೇಶನ್ ಆ್ಯಕ್ಟ್ ಪ್ರಕಾರ ಒಂದು ಬರಹದ ಅರ್ಜಿ. ಇಮೇಲ್ ಸಾಕು. ನಮ್ಮ ಆರ್‌ಟಿಐ ಇದ್ದ ಹಾಗೆ, ಆದ್ರೆ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಬೇಡ. ಅರೆಸ್ಟಿನ ಮೂಲ ಮಾಹಿತಿ, ಅಂದ್ರೆ ಯಾರು, ಯಾವಾಗ, ಯಾವುದಕ್ಕೆ ಅನ್ನುವಷ್ಟನ್ನು ಅವರು ಅಡಗಿಸಿಡುವ ಹಾಗಿಲ್ಲ. ಕೊಡದಿರಲಿಕ್ಕೆ ಕಾರಣ ಉಂಟು ಅಂತ ಅವರಿಗೆ ಅನಿಸಿದ್ರೆ ಹತ್ತು ಕೆಲಸದ ದಿನದೊಳಗೆ ರಾಜ್ಯದ ಅಟಾರ್ನಿ ಜನರಲ್ ಅವರನ್ನು ಕೇಳಬೇಕು. ಆದರೆ ಇದೇ ಅರ್ಜಿಯನ್ನು ಕೋರ್ಟಿಗೆ ಹಾಕಬೇಡಿ, ಆ ಕಾಯ್ದೆ ನ್ಯಾಯಾಂಗಕ್ಕೆ ಅನ್ವಯಿಸುವುದಿಲ್ಲ. ಕೋರ್ಟಿನಲ್ಲಿ ಸೀದಾ "ಸರ್ಟಿಫೈಡ್ ಕಾಪಿ ಬೇಕು" ಅಂತ ಕೇಳುವುದು.

ಮತ್ತೆ, ನಿಮ್ಮನ್ನು ಹಿಡಿದವರು ಶೆರಿಫಿನ ಡೆಪ್ಯೂಟಿಯಾ, ಹೈವೇ ಪ್ಯಾಟ್ರೋಲಿನ (ರಾಜ್ಯದ ಹೆದ್ದಾರಿ ಪೊಲೀಸ್) ಟ್ರೂಪರಾ? ಟ್ರೂಪರ್ ಆದ್ರೆ ಅರೆಸ್ಟ್ ರಿಪೋರ್ಟ್ ಆಸ್ಟಿನ್ನಿನ ಡಿಪಿಎಸ್ (ರಾಜ್ಯದ ಸಾರ್ವಜನಿಕ ಸುರಕ್ಷತಾ ಇಲಾಖೆ) ಹತ್ತಿರ ಇರ್ತದೆ, ಬುಕಿಂಗ್ ಮಾತ್ರ ಜೈಲಿನಲ್ಲಿ.

ಹಾಸನದ_ಹೈದ · ಫೆಬ್ರವರಿ 7

ಕಂದು ಬಣ್ಣದ ಯೂನಿಫಾರ್ಮು, ದೊಡ್ಡ ಟೋಪಿ. ಎಲ್ಲರೂ ಹಂಗೇ ಇರ್ತಾರಲ್ಲ ಅಕ್ಕ. ಇಬ್ಬರಿಗೂ ಹಾಕ್ತೀನಿ.

ತುಮಕೂರು_ತಾಯಿ · ಫೆಬ್ರವರಿ 9

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಮ್ಮ ಮಗಳಿಗೆ ಟೆಕ್ಸಾಸಿನ ಒಂದು ಸಣ್ಣ ಊರಲ್ಲಿರೋ ಹುಡುಗನ ಸಂಬಂಧ ಬಂದಿದೆ. ಹುಡುಗನ ಮೇಲೆ ಏನಾದ್ರೂ ಕೇಸ್ ಇದೆಯಾ ಅಂತ ನಾವೇ ಇಲ್ಲಿಂದ ನೋಡಬಹುದಾ? ಅವರಿಗೆ ಗೊತ್ತಾಗದ ಹಾಗೆ.

ಬಂಗುಡೆ_ಪುಳಿಮುಂಚಿ · ಫೆಬ್ರವರಿ 9

ನೋಡಬಹುದು ಅಮ್ಮ, ಕೋರ್ಟಿನ ಕ್ರಿಮಿನಲ್ ಕೇಸು ಸಾರ್ವಜನಿಕವೇ. ಆದ್ರೆ ಇಡೀ ಅಮೆರಿಕಕ್ಕೆ ಒಂದೇ ಕಿಟಕಿ ಇಲ್ಲ. ಎಫ್‌ಬಿಐ ದಾಖಲೆ ಅವರವರದ್ದು ಅವರವರಿಗೆ ಮಾತ್ರ, ಬೆರಳಚ್ಚು ಕಳಿಸಿ 18 ಡಾಲರ್ ಕಟ್ಟಿದ್ರೆ ಸಿಗ್ತದೆ. ನೀವು ಕೇಳಿದ್ರೆ ಕೊಡುವುದಿಲ್ಲ. ಟೆಕ್ಸಾಸ್ ಡಿಪಿಎಸ್‌ನ ಸಾರ್ವಜನಿಕ ವೆಬ್‌ಸೈಟಿನಲ್ಲಿ ಶಿಕ್ಷೆಯಾದದ್ದು, ಡಿಫರ್ಡ್ ಅಡ್ಜುಡಿಕೇಶನ್ (ತೀರ್ಪು ತಡೆಹಿಡಿದು, ಷರತ್ತು ಪಾಲಿಸಿದ್ರೆ ಕೇಸು ಕೈಬಿಡುವುದು) ಆದದ್ದು ಹುಡುಕಬಹುದು. ಹೈದನ ಕೇಸಿನ ಹಾಗಿನ ಕ್ಲಾಸ್ ಸಿ ಅಲ್ಲಿ ಬರುವುದು ಅಪರೂಪ. ಇನ್ನು ಫೆಡರಲ್ ಕೋರ್ಟಿನ ಕೇಸಾದ್ರೆ ಪೇಸರ್ ಅಂತ ಬೇರೆಯೇ ವ್ಯವಸ್ಥೆ, ಪುಟಕ್ಕೆ 10 ಸೆಂಟ್.

ದೊಡ್ಡ ತೊಂದರೆ ಹೆಸರಿನದ್ದು. ಜನ್ಮ ದಿನಾಂಕ ತಾಳೆ ಆಗದೆ ಬರೀ ಹೆಸರು ನೋಡಿ ಒಬ್ಬರ ಮೇಲೆ ಗೂಬೆ ಕೂರಿಸಬೇಡಿ.

ರೊಟ್ಟಿ_ಬುತ್ತಿ · ಫೆಬ್ರವರಿ 9

ಅಮ್ಮಾರ, ಅರೆಸ್ಟ್ ಆದಾಂವೆಲ್ಲಾ ಕಳ್ಳ ಅಲ್ರೀ. ಮ್ಯಾಲೆ ನೋಡ್ರಿ, ನಮ್ಮ ಹೈದ ಹಿಂದಿನ ಲೈಟಿನ ಸಲುವಾಗಿ ಒಳಗ ಹೋಗಿ ಬಂದಾನ. ಅಂವಗ ಹೆಣ್ಣ ಕೊಡಲಾರದ ಇದ್ದಿದ್ರ ಒಂದ್ ಛಲೋ ಅಳಿಯಾ ಹೋಗ್ತಿದ್ದ. ಹುಡುಗನ್ನ ಫೋನಿನ್ಯಾಗ ನೇರ ಕೇಳ್ರಿ, ತಡವರಿಸಿದ್ರ ಆಮ್ಯಾಲೆ ಹುಡುಕ್ರಿ.

ತುಮಕೂರು_ತಾಯಿ · ಫೆಬ್ರವರಿ 9

ನೇರ ಕೇಳೋದು ಅಷ್ಟು ಸುಲಭ ಅಲ್ಲಪ್ಪ. ನೋಡೋಣ, ನಮ್ಮ ಯಜಮಾನರ ಹತ್ರ ಮಾತಾಡ್ತೀನಿ.

ಹಾಸನದ_ಹೈದ · ಫೆಬ್ರವರಿ 19

ಬಂತು! ಶೆರಿಫ್ ಆಫೀಸಿನವರು ಸ್ಕ್ಯಾನ್ ಮಾಡಿ ಇಮೇಲ್ ಕಳಿಸಿದ್ದಾರೆ, ದುಡ್ಡು ಕೇಳಲಿಲ್ಲ. ಹಿಡಿದಿದ್ದು ಡೆಪ್ಯೂಟಿನೇ. ಎರಡು ಪುಟ. ಒಂದರಲ್ಲಿ ನನ್ನ ಫೋಟೋ, ಮೂರು ದಿನ ಗಡ್ಡ ಬಿಟ್ಟ ಮುಖ, ಕಣ್ಣು ಊದಿಕೊಂಡಿದೆ. ಅದರ ಕೆಳಗೆ ನನ್ನಿಂದ ತೆಗೆದಿಟ್ಟುಕೊಂಡ ವಸ್ತುಗಳ ಪಟ್ಟಿ: ಬೆಲ್ಟ್ 1, ಫೋನ್ 1, ನಗದು 43 ಡಾಲರ್, ಕೆಂಪು ದಾರ 1. ಧರ್ಮಸ್ಥಳದಿಂದ ಅಮ್ಮ ತಂದು ಕೈಗೆ ಕಟ್ಟಿದ್ದ ದಾರ ಅದು. ಕತ್ತರಿಸಿ ತೆಗೆದು ಪ್ಲಾಸ್ಟಿಕ್ ಕವರಿಗೆ ಹಾಕಿದ್ದರು. ಅದನ್ನ ಓದಿ ಸುಮ್ಮನೆ ಕೂತುಬಿಟ್ಟೆ ಸ್ವಲ್ಪ ಹೊತ್ತು.

ಮುಖ್ಯವಾದ ಸಾಲು: ವಾರಂಟ್ 'ಬ' ಕೌಂಟಿ, ಜೆ.ಪಿ. ಪ್ರಿಸಿಂಕ್ಟ್ 2. ಬಿಡುಗಡೆಗೆ ಕಾರಣ: ಟೈಮ್ ಸರ್ವ್ಡ್ (ಜೈಲಲ್ಲಿ ಕಳೆದ ಸಮಯವೇ ಶಿಕ್ಷೆ). ಶಿರಸ್ತೇದಾರ್ ಸರ್, ಅಕ್ಕ, ಇಬ್ಬರಿಗೂ ಅಡ್ಡಬಿದ್ದೆ.

'ಬ' ಕೌಂಟಿಯ ಜೆ.ಪಿ. ಆಫೀಸಿಗೆ ಫೋನ್ ಮಾಡಿದೆ. ವಾರಕ್ಕೆ ಮೂರು ದಿನ ಮಾತ್ರ ತೆರೀತಾರಂತೆ. ಕ್ಲರ್ಕ್ ಹುಡುಕಿ, ಮತ್ತೆ ಅದೇ ಮಾತು, ಆ ಹೆಸರಲ್ಲಿ ಏನೂ ಇಲ್ಲ. ವಾರಂಟು ಅವರದ್ದೇ ಅಂತ ಕಾಗದ ಕೈಲಿದೆ, ಆದ್ರೂ ಇಲ್ಲ!

ಕಾಫಿ_ಕುಡಿಯುವ · ಫೆಬ್ರವರಿ 19

ಹಳೇದು ಅಂತ ಸುಟ್ಟು ಹಾಕಿರ್ತಾರೆ ಬಿಡು. ಒಳ್ಳೇದೇ ಆಯ್ತಲ್ಲ. ಇದ್ರೂ ಎಕ್ಸ್‌ಪಂಜ್ (ದಾಖಲೆ ಅಳಿಸೋದು) ಮಾಡಿಸಿಬಿಡು, ಗಲಾಟೆನೇ ಇಲ್ಲ.

ಬಂಗುಡೆ_ಪುಳಿಮುಂಚಿ · ಫೆಬ್ರವರಿ 20

ಕಾಫಿಯವರೇ, ದಯವಿಟ್ಟು ಆ ಸಲಹೆ ಯಾರಿಗೂ ಕೊಡಬೇಡಿ. ತಪ್ಪೊಪ್ಪಿಕೊಂಡು ತೀರಿದ ಕೇಸಿಗೆ ಎಕ್ಸ್‌ಪಂಕ್ಷನ್ ಸಾಮಾನ್ಯವಾಗಿ ಸಿಗುವುದೇ ಇಲ್ಲ. ಸಿಗುವಂಥ ಕೇಸಾದ್ರೂ, ಆದೇಶ ಆದ ಮೇಲೆ ಆಫೀಸಿನವರ ಹತ್ತಿರ ಕಾಗದವೇ ಉಳಿಯುವುದಿಲ್ಲ. ಆದ್ರೆ ಇಮಿಗ್ರೇಶನ್‌ನವರು ಆಗಲೂ ಕೇಳ್ತಾರೆ, ತೋರಿಸಲಿಕ್ಕೆ ಕೈ ಖಾಲಿ. ನಾನು ಕಣ್ಣಾರೆ ನೋಡಿದ್ದೇನೆ, ಒಬ್ಬರು ಸಾವಿರಾರು ಡಾಲರ್ ಖರ್ಚು ಮಾಡಿ ಅಳಿಸಿಕೊಂಡು, ಆಮೇಲೆ ಅಳಿಸಿದ್ದನ್ನೇ ಹುಡುಕಿಕೊಂಡು ಅಲೆದದ್ದು. ಯಾರಿಗೇ ಆಗಲಿ ಮೊದಲು ಮುದ್ರೆ ಹಾಕಿದ ನಕಲು ನಾಲ್ಕೈದು ತೆಗೆದಿಡಿ, ಆಮೇಲೆ ಉಳಿದದ್ದು. ಡಿಫರ್ಡ್ ಅಡ್ಜುಡಿಕೇಶನ್ ಆಗಿ ಕೇಸು ವಜಾ ಆಯ್ತು ಅಂತ ನೆಮ್ಮದಿಯಲ್ಲಿರುವವರೂ ವಕೀಲರನ್ನು ನೋಡಿ. ಟೆಕ್ಸಾಸಿಗೆ ಅದು ಶಿಕ್ಷೆ ಅಲ್ಲ, ತಪ್ಪೊಪ್ಪಿಕೊಂಡಿದ್ದರೆ ಇಮಿಗ್ರೇಶನ್ ಕಾನೂನಿಗೆ 1996ರಿಂದ ಅದು ಶಿಕ್ಷೆಯೇ.

ಹೈದ, ಹಳೇ ಕ್ಲಾಸ್ ಸಿ ಕಾಗದ ನಾಶ ಮಾಡಿರಲಿಕ್ಕೂ ಸಾಕು, ಅದಕ್ಕೆ ಅವಕಾಶ ಉಂಟು. ಆಗ "ಹುಡುಕಿದೆವು, ಇಲ್ಲ" ಅಂತ ಕೋರ್ಟಿನ ಲೆಟರ್‌ಹೆಡ್ಡಿನಲ್ಲಿ ಸಹಿ ಮುದ್ರೆ ಸಮೇತ ಬರೆಸಿಕೊಳ್ಳಬೇಕು, ಬುಕಿಂಗ್ ಶೀಟಿನ ಜೊತೆ ಅದನ್ನೇ ಹಾಕಬೇಕು. ಆದ್ರೆ ಅಲ್ಲಿಗೆ ಹೋಗುವ ಮೊದಲು ಒಂದು ಪ್ರಶ್ನೆ. ಕ್ಲರ್ಕಿಗೆ ಯಾವ ಹೆಸರು ಹೇಳಿದ್ರಿ?

ನಿವೃತ್ತ_ಶಿರಸ್ತೇದಾರ · ಫೆಬ್ರವರಿ 20

ನಾನೂ ಅದನ್ನೇ ಕೇಳಬೇಕೆಂದಿದ್ದೆ. ಸೂಚಿ ಪುಸ್ತಕದಲ್ಲಿ ಹೆಸರು ಬರೆದವನ ಕಿವಿ ಹೇಗಿತ್ತೋ ಹಾಗೆ ಇರುತ್ತದೆ.

ಹಾಸನದ_ಹೈದ · ಫೆಬ್ರವರಿ 20

ಈಗಿನ ಲೈಸೆನ್ಸಿನ ಹೆಸರು ಹೇಳಿದ್ದೆ. ಆದ್ರೆ 2011ರ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ ಇತ್ತು, ಊರಿನ ಹೆಸರು, ಅಪ್ಪನ ಹೆಸರು, ನನ್ನ ಹೆಸರು ಎಲ್ಲ ಒಂದೇ ಸಾಲಲ್ಲಿ. ಅಪ್ಪನ ಹೆಸರಲ್ಲಿ ಕೊನೆಗೆ 'ಮೂರ್ತಿ' ಬರುತ್ತೆ. ಟಿ ಹಾಕ್ತಾರೋ ಟಿ-ಎಚ್ ಹಾಕ್ತಾರೋ, ವೈ ಹಾಕ್ತಾರೋ ಐ ಹಾಕ್ತಾರೋ. ನಾಳೆ ಎಲ್ಲ ಬಗೆಯೂ ಪಟ್ಟಿ ಮಾಡಿ ಹೇಳ್ತೀನಿ.

ರೊಟ್ಟಿ_ಬುತ್ತಿ · ಫೆಬ್ರವರಿ 20

ನನ್ನ ಮೊದಲನೇ ಲೈಸೆನ್ಸಿನ್ಯಾಗ ಹೆಸರಿನ ಮುಂದ "ಎಫ್‌ಎನ್‌ಯು" ಅಂತ ಇತ್ರೀ. ಫಸ್ಟ್ ನೇಮ್ ಅನ್‌ನೋನ್. ಒಂದ್ ವರ್ಷ ಎಲ್ಲಾರೂ ನನ್ನ "ಮಿಸ್ಟರ್ ಫ್ನೂ" ಅಂತ ಕರದ್ರು. ಅದನ್ನೂ ಒಂದ ಸಲಾ ಹೇಳಿ ನೋಡ್ರಿ.

ಬಂಗುಡೆ_ಪುಳಿಮುಂಚಿ · ಫೆಬ್ರವರಿ 20

ನಗಬೇಡಿ, ನಿಜವಾಗಿ ಹಾಗೆ ಸಿಕ್ಕಿದ್ದುಂಟು. ಹೆಸರಿಗಿಂತ ಜನ್ಮ ದಿನಾಂಕ, ಆಗಿನ ಲೈಸೆನ್ಸ್ ನಂಬರ್ ಕೊಟ್ಟು ಹುಡುಕಿಸಿ. ಬುಕಿಂಗ್ ಶೀಟಿನಲ್ಲಿ ವಾರಂಟ್ ನಂಬರ್ ಇದ್ರೆ ಅದನ್ನೇ ಮೊದಲು ಹೇಳಿ. ಕೇಸ್ ನಂಬರಿಗೆ ಟೆಕ್ಸಾಸಿನವರು "ಕಾಸ್ ನಂಬರ್" ಅನ್ನುವುದು.

ಹಾಸನದ_ಹೈದ · ಫೆಬ್ರವರಿ 24

ಸಿಕ್ತು. ಲೈಸೆನ್ಸ್ ನಂಬರ್ ಹೇಳಿದ ತಕ್ಷಣ. ಸೂಚಿಯಲ್ಲಿ ನನ್ನ ಕೊನೆ ಹೆಸರು ಅಂತ ಇದ್ದದ್ದು ನಮ್ಮ ಊರಿನ ಹೆಸರು, ಅದೂ ಎರಡು ಅಕ್ಷರ ನುಂಗಿಕೊಂಡು! ಕಂಪ್ಯೂಟರಿನಲ್ಲಿ ಒಂದು ಸಾಲು ಮಾತ್ರ ಇದೆ, ಫೈಲು ಹಿಂದಿನ ಕೋಣೆಯ ಪೆಟ್ಟಿಗೇಲಿ ಇರಬೇಕು, ಗುರುವಾರ ನೋಡ್ತೀನಿ ಅಂದರು. ಗುರುವಾರದವರೆಗೆ ಊಟ ಇಳಿಯಲ್ಲ.

ಹಾಸನದ_ಹೈದ · ಮಾರ್ಚ್ 11

ಫೈಲ್ ಸಿಕ್ಕಿತು, ಅಂಚೆಯಲ್ಲಿ ಬಂದೂ ಆಯ್ತು. ಮುಂದೆ ಯಾರಿಗಾದ್ರೂ ಬೇಕಾದೀತು ಅಂತ ಬರೀತಿದ್ದೀನಿ. ಕಾರ್ಡು, ಚೆಕ್ಕು ಯಾವುದೂ ತಗೊಳ್ಳಲಿಲ್ಲ, ಮನಿ ಆರ್ಡರ್ ಮಾತ್ರ. ನನ್ನದೇ ವಿಳಾಸ ಬರೆದು ಸ್ಟಾಂಪ್ ಹಚ್ಚಿದ ಕವರ್ ಒಳಗಿಟ್ಟು ಕಳಿಸಬೇಕಿತ್ತು. ನನ್ನ ಹತ್ತಿರ ತಗೊಂಡಿದ್ದು ಪುಟಕ್ಕೆ 1 ಡಾಲರ್, ಸರ್ಟಿಫಿಕೇಟಿಗೆ 5.

ಒಂದಲ್ಲ, ಎರಡು ಕಾಸ್ ನಂಬರ್! ಒಂದು ಸ್ಪೀಡಿಂಗ್, ಇನ್ನೊಂದು ಕೋರ್ಟಿಗೆ ಹಾಜರಾಗದೆ ಇದ್ದದ್ದಕ್ಕೆ. ಎರಡನೇದು ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಬರೀ ಸ್ಪೀಡಿಂಗ್ ಅಂತ ಕೇಳಿದ್ದಿದ್ರೆ ಅದೊಂದನ್ನೇ ಕಳಿಸ್ತಿದ್ದರು. "ಈ ಜನ್ಮ ದಿನಾಂಕದವನ ಎಲ್ಲವೂ ಬೇಕು" ಅಂತ ಅಕ್ಕ ಮೆಸೇಜಲ್ಲಿ ಹೇಳಿಕೊಟ್ಟಿದ್ದು ಉಳಿಸಿತು. ಎರಡರಲ್ಲೂ ನೋಲೋ ಕಂಟೆಂಡೆರೆ (ಆರೋಪಕ್ಕೆ ತಕರಾರಿಲ್ಲ) ಅಂತ ನನ್ನ ಸಹಿ ಇದೆ. ದಂಡ ಜೈಲಿನ ದಿನಕ್ಕೆ ವಜಾ.

ಡಿಎಸ್-160 ಬಗ್ಗೆ ವಕೀಲರ ಹತ್ತಿರ ಮಾತಾಡಿದೆ. ಅದು ಬೇರೆ ಕಥೆ, ಇಲ್ಲಿ ಬೇಡ.

ನಿವೃತ್ತ_ಶಿರಸ್ತೇದಾರ · ಮಾರ್ಚ್ 11

ಬಹಳ ಸಂತೋಷ. ಮುದ್ರೆ ಉಬ್ಬು ಮುದ್ರೆಯೋ, ಶಾಯಿಯದೋ? ಸುಮ್ಮನೆ ಕುತೂಹಲ.

ಹಾಸನದ_ಹೈದ · ಮಾರ್ಚ್ 11

ಉಬ್ಬು ಮುದ್ರೆ ಸರ್. ಬೆರಳಾಡಿಸಿದ್ರೆ ಮಧ್ಯೆ ಟೆಕ್ಸಾಸಿನ ನಕ್ಷತ್ರ ಸಿಗುತ್ತೆ. ಹೆಂಡತಿಗೆ ಮುಟ್ಟೋಕೆ ಬಿಟ್ಟಿಲ್ಲ, ಅಳಿಸಿಹೋದ್ರೆ ಅಂತ.

ನಿವೃತ್ತ_ಶಿರಸ್ತೇದಾರ · ಮಾರ್ಚ್ 12

ಅಳಿಸುವುದಿಲ್ಲ. ಆದರೆ ಮಡಚಬೇಡಿ.

ತುಮಕೂರು_ತಾಯಿ · ಮಾರ್ಚ್ 15

ಬಂಗುಡೆ ಅಮ್ಮ, ಕೊನೆಗೆ ಹುಡುಗನ್ನೇ ಕೇಳಿದ್ವಿ. ಒಂದು ಸಲ ಅತಿ ವೇಗಕ್ಕೆ ಟಿಕೆಟ್ ಸಿಕ್ಕಿದೆ, ಕಟ್ಟಿದ್ದೀನಿ ಅಂದ, ರಸೀದಿ ವಾಟ್ಸಾಪಲ್ಲಿ ಕಳಿಸಿದ. ಈಗ ನಮ್ಮ ಯಜಮಾನರದು ಹೊಸ ಚಿಂತೆ, ಹುಡುಗ ಗಾಡಿ ಜೋರಾಗಿ ಓಡಿಸ್ತಾನೆ ಅಂತ.